ಇಪ್ಪತ್ತೆಂಟು ದಿನ ನೀರಿನಲ್ಲಿ

ತಿರುಗಿಸದೆ ಇಟ್ಟುಬಿಟ್ಟರೆ? ಯಾರು ನೋಡುತ್ತಾರೆ?

ಅವನ ಎರಡು ಕೈಗಳ ನಡುವೆ ಎಂಟು ಕಿಲೋ ತೂಕದ ಕಾಂಕ್ರೀಟ್ ಕ್ಯೂಬ್ ಇತ್ತು, ಇನ್ನೂ ಒದ್ದೆ. ಅದರ ಐದು ಮುಖ ನುಣುಪು; ಕರಣೆ ಆಡಿಸಿದ ಒಂದು ಮುಖ ಮಾತ್ರ ಒರಟು. ನುಣುಪು ಮುಖ ಮೇಲಿಟ್ಟು ಒತ್ತಿದರೆ ಸಿಮೆಂಟಿನ ನಿಜವಾದ ಶಕ್ತಿ ತಿಳಿಯುತ್ತದೆ. ಒರಟು ಮುಖ ಮೇಲೆ ಬಂದರೆ ಎಂಥ ಗಟ್ಟಿ ಕ್ಯೂಬೂ ಬೇಗ ಸೀಳುತ್ತದೆ.

"ಶತ್ರುಗಳ ಸಿಮೆಂಟ್ ನಮಗೆ ಬೇಡ. ತಿರುಗಿಸೋದು ಮರೆತುಹೋಯ್ತು ಅಂದ್ಕೊಳ್ಳಿ, ಅಷ್ಟೇ ಕಣ್ರೀ," ಎಂದು ಲ್ಯಾಬಿನ ಸಾಹೇಬರು ನಿನ್ನೆ ಬೆನ್ನು ತಟ್ಟಿದ್ದರು.

ಈಗ ಅವರು ಕ್ಯೂಬ್ ಒತ್ತುವ ಯಂತ್ರದ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಬಾಗಿಲಾಚೆ, ಕಾರಿಡಾರಿನ ಬೆಂಚಿನ ಮೇಲೆ, ಅವಳು ಕೂತಿದ್ದಳು. ಇಂದು ಅವಳಿಗೆ ಒಳಗೆ ಜಾಗವಿಲ್ಲ; ಸಾಹೇಬರ ಆದೇಶ.

ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಅವಳ ದೇಶದ ವಿಮಾನಗಳು ಕೆಡವಿದ ಸೇತುವೆಯನ್ನು ಅವಳ ದೇಶದ ಸಿಮೆಂಟಿನಿಂದಲೇ ಮತ್ತೆ ಕಟ್ಟುವುದೆಂದು ಎರಡೂ ಸರ್ಕಾರಗಳು ಸಹಿ ಹಾಕಿದ್ದವು. ರಾಯಭಾರ ಕಚೇರಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಇದೇ ಮೊದಲ ವ್ಯಾಪಾರ. ಇದು ಮುರಿದುಬಿದ್ದರೆ ಮುಂದಿನ ಮಾತೇ ಇಲ್ಲ. ಮಾದರಿ ಕ್ಯೂಬುಗಳು ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ನೆನೆಯಬೇಕಿತ್ತು. ಯಾರೂ ಯಾರನ್ನೂ ನಂಬದ ಕಾರಣ ತೊಟ್ಟಿಯ ಕೋಣೆಗೆ ಎರಡು ಬೀಗ. ಒಂದರ ಕೀ ಲ್ಯಾಬಿನ ಪರೀಕ್ಷಕನಾದ ಅವನ ಬಳಿ, ಇನ್ನೊಂದು ಸಿಮೆಂಟ್ ಕಾರ್ಖಾನೆಯಿಂದ ಬಂದ ಎಂಜಿನಿಯರ್ ಅವಳ ಬಳಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಬಂದು ಬೀಗ ತೆಗೆದು ನೀರಿನ ಬಿಸಿ ನೋಡಲೇಬೇಕು.

ಯುದ್ಧಕ್ಕೆ ಮೊದಲು ಅವಳು ಇಲ್ಲಿಯೇ ಓದಿದ್ದಳು. ಇಲ್ಲಿನ ಭಾಷೆ ಚೆನ್ನಾಗಿ ಬರುತ್ತಿತ್ತು, ಬೇಕಾದ್ದಕ್ಕಿಂತ ಚೆನ್ನಾಗಿ.

"ನಾಲ್ಕು ದಿನದಿಂದ ನೋಡ್ತಿದೀನಿ," ಎಂದಳು ಐದನೆಯ ದಿನ. "ಇಪ್ಪತ್ತೇಳು ಡಿಗ್ರಿ ಅನ್ನೋದು ಬಿಟ್ರೆ ನಿಮ್ಮ ಬಾಯಿಂದ ಬೇರೆ ಮಾತೇ ಬಂದಿಲ್ಲ."

"ಇವತ್ತು ಇಪ್ಪತ್ತಾರು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಬ್ಬಬ್ಬಾ, ಗೋಡೆ ಮಾತಾಡ್ತು!"

ಅಂದಿನಿಂದ ಅವನು ಗೋಡೆ.

ಥರ್ಮಾಮೀಟರ್ ಓದಲು ಇಬ್ಬರೂ ತೊಟ್ಟಿಯ ಮೇಲೆ ಬಾಗುತ್ತಿದ್ದರು. ನೀರಿನೊಳಗೆ ಅವಳ ಮುಖ ಅವನ ಮುಖವನ್ನು ನೋಡುತ್ತಿತ್ತು. ತಲೆ ಎತ್ತಿದರೆ ಇಬ್ಬರ ಕಣ್ಣೂ ಬೇರೆಲ್ಲೋ.

ಹದಿನೇಳನೆಯ ದಿನ ತಲೆ ಎತ್ತಿದ ಮೇಲೂ ಅವಳು ನೋಡುತ್ತಲೇ ಇದ್ದಳು. "ಬರ್ಕೊಳ್ಳಿ ಗೋಡೆಯವರೇ," ಎಂದಳು ಮೆಲ್ಲಗೆ. ಬರೆದುಕೊಂಡೆನೆಂದೇ ಅವನು ಅಂದುಕೊಂಡ. ಸಂಜೆ ಪುಸ್ತಕ ತೆಗೆದು ನೋಡಿದರೆ ಆ ದಿನದ ಜಾಗ ಖಾಲಿಯಿತ್ತು.

ಸೇತುವೆ ಬಿದ್ದ ದಿನ ಅವನ ಅಣ್ಣ ಅದರ ಮೇಲಿದ್ದ. ಆ ವಾರ ಊಟಕ್ಕೆ ಕೂತಾಗ ಅವನು ಅತ್ತಿಗೆಯನ್ನು ಕೇಳಿಯೇಬಿಟ್ಟ. "ಅವರ ಸಿಮೆಂಟ್ ಅಂದ್ರೆ ನಿಮಗೆ ಸಿಟ್ಟು ಬರಲ್ವಾ ಅತ್ತಿಗೆ?"

"ಬರದೆ ಏನು? ಮೈಯೆಲ್ಲ ಉರಿಯತ್ತೆ." ಅತ್ತಿಗೆ ಬಡಿಸುವ ಕೈ ನಿಲ್ಲಿಸಲಿಲ್ಲ. "ಹಾಗಂತ ಸಿಮೆಂಟ್ ಮೇಲೆ ತೀರಿಸ್ಕೊಳ್ತೀಯೇನೋ? ಗಟ್ಟಿ ಇದ್ರೆ ಗಟ್ಟಿ ಅನ್ನು, ಪೊಳ್ಳಾದ್ರೆ ಪೊಳ್ಳು ಅನ್ನು. ನಿಮ್ಮಣ್ಣನ ಹೆಸರಲ್ಲಿ ಸುಳ್ಳು ಬರೀಬೇಡ."

"ಏನ್ರೀ ಯೋಚನೆ? ಇಡಿ," ಎಂದರು ಯಂತ್ರದ ಪಕ್ಕದಲ್ಲಿದ್ದ ಸಾಹೇಬರು.

ಅವನು ಕ್ಯೂಬನ್ನು ಮೇಜಿನ ಮೇಲಿಟ್ಟ. ಹೋಗಿ ಬಾಗಿಲು ತೆರೆದ.

"ಒಳಗೆ ಬನ್ನಿ. ನೀವೂ ನೋಡಿ."

ಅವಳು ಎದ್ದು ಬಂದಳು. ಸಾಹೇಬರ ಮುಖ ಕೆಂಪಾಯಿತು. "ತಲೆಗಿಲೆ ಕೆಟ್ಟಿದೆಯಾ? ಯಾರನ್ನ ಕೇಳಿ ಕರೆದ್ರಿ?"

"ಯಾರನ್ನೂ ಕೇಳ್ಲಿಲ್ಲ ಸಾರ್."

"ಗೊತ್ತು ಬಿಡಿ. ಲ್ಯಾಬ್ ಪೂರ್ತಿ ಆಡ್ಕೊಳ್ತಿದೆ. ಇವಳ ಮೇಲೆ ಮನಸ್ಸಾಗಿದೆ, ಅಲ್ವೇನ್ರೀ?"

ಕಾರಿಡಾರಿನಲ್ಲಿ ಫೈಲು ಹಿಡಿದು ಹೋಗುತ್ತಿದ್ದ ಗುಮಾಸ್ತ ಅಲ್ಲೇ ನಿಂತ. ಇಷ್ಟು ದಿನ ಪರೀಕ್ಷಕನೊಳಗೆ ಗಟ್ಟಿಯಾಗುತ್ತಿದ್ದ ಮಾತು ಈಗ ಯಾರ ಭಾರಕ್ಕೂ ಮಣಿಯುವಂತಿರಲಿಲ್ಲ.

"ಹೌದು ಸಾರ್, ಆಗಿದೆ. ಆದ್ರೆ ಯಂತ್ರಕ್ಕೆ ಆಗಿಲ್ಲ. ಅದು ತೋರಿಸಿದ್ದನ್ನ ಬರೀತೀನಿ."

ಕ್ಯೂಬನ್ನು ತಿರುಗಿಸಿ ನುಣುಪು ಮುಖ ಮೇಲಿಟ್ಟ. ಯಂತ್ರದ ಮುಳ್ಳು ಏರಿತು. ಪಾಸಾಗಲು ಬೇಕಾದ ಕೆಂಪು ಗೆರೆ ಮುಟ್ಟಿತು, ದಾಟಿತು, ಇನ್ನೂ ಏರಿತು. ಆಮೇಲೆಯೇ ಢಬ್ಬೆಂದು ಸೀಳಿತು. ಎರಡನೆಯದೂ ಹಾಗೆಯೇ, ಮೂರನೆಯದೂ. ಅವಳು ಮುಳ್ಳನ್ನು ಒಮ್ಮೆಯೂ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು.

ವರದಿಗೆ ಇಬ್ಬರೂ ಸಹಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಅವನನ್ನು ಕರೆಸಿ ಒಂದು ಹಾಳೆ ಮುಂದೆ ತಳ್ಳಿದರು. ಪರೀಕ್ಷಕನ ಹುದ್ದೆಯಿಂದ ತೆಗೆದು ಸೇತುವೆಯ ಸೈಟಿಗೆ ಸಹಾಯಕನಾಗಿ ಹಾಕಿದ್ದರು. "ಆ ಸಿಮೆಂಟ್ ಮೇಲೆ ಅಷ್ಟು ಪ್ರೀತಿ ಇದ್ರೆ ಟೆಂಟಿನಲ್ಲಿ ಬಿದ್ದುಕೊಂಡು ಅದರ ಧೂಳು ಕುಡೀರಿ," ಎಂದರು. ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದ.

ಅಲ್ಲಿ ತನ್ನ ದೇಶಕ್ಕೆ ಹೊರಟ ಅವಳು ಬ್ಯಾಗಿನ ಪಟ್ಟಿ ಹಿಡಿದು ನಿಂತಿದ್ದಳು. "ಸಾಹೇಬರಿಗೆ ಹೇಳಿದ್ರಿ. ನನಗಿನ್ನೂ ಹೇಳಿಲ್ಲ."

"ನಿಮಗೂ ಅದೇ."

"ಅದೇ ಅಂದ್ರೆ?"

ಕ್ಯೂನಲ್ಲಿದ್ದವರು ಅವಳ ಬ್ಯಾಗಿನ ಮೇಲಿನ ಆ ದೇಶದ ಮುದ್ರೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವನು ದನಿ ತಗ್ಗಿಸಲಿಲ್ಲ. "ನಿಮ್ಮನ್ನ ಕಂಡ್ರೆ ನನಗಿಷ್ಟ. ಯಾರು ಏನೇ ಅನ್ನಲಿ, ಇಷ್ಟ."

ಅವಳ ಕಿವಿ ಕೆಂಪಾಯಿತು. ಬ್ಯಾಗನ್ನು ಕೆಳಗಿಟ್ಟಳು. ಆಮೇಲೆ, "ಮುಂದಿನ ತಿಂಗಳು ಮೊದಲ ಲಾರಿ ಜೊತೆ ನಾನೇ ಬರ್ತೀನಿ. ಕೆಲಸ ಮುಗಿಯೋವರೆಗೂ ಸೈಟಲ್ಲೇ ಇರಬೇಕು. ನೀವು ಇಲ್ಲಿ ತಣ್ಣಗೆ ಲ್ಯಾಬಲ್ಲಿ ಕೂತಿರ್ತೀರಿ."

"ಇಲ್ಲ. ನಾನೂ ಸೈಟಿಗೇ ಬರ್ತಿದೀನಿ."

"ಹೌದಾ!" ಅವಳ ಕಣ್ಣುಗಳು ಅರಳಿದವು. "ಕೇಳಿ ಹಾಕಿಸ್ಕೊಂಡ್ರಾ? ನನಗೋಸ್ಕರ?"

"ಹೂಂ," ಎಂದ.

ಅಷ್ಟೂ ಜನರ ಎದುರಿಗೆ ಅವಳು ಅವನ ಕೈ ಹಿಡಿದಳು. ಬಸ್ಸು ಬಂದು ಹಾರ್ನ್ ಹೊಡೆದರೂ ಬಿಡಲಿಲ್ಲ.

ಸೇತುವೆ ಎದ್ದು ನಿಂತಿತು. ಅವರ ಮದುವೆಯೂ ಆಯಿತು. ಗೋಡೆಯಂಥ ಮನುಷ್ಯ ತನಗಾಗಿ ಲ್ಯಾಬ್ ಬಿಟ್ಟು ಟೆಂಟಿಗೆ ಬಂದನೆಂದು ಅವಳು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಆ ವರ್ಗಾವಣೆ ತನಗೆ ಕೊಟ್ಟ ಶಿಕ್ಷೆಯೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.