ಗೆರೆ ಕೂಡದ ಹೆಗಲು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ಟೈಲರ್ ಹೆಂಗಸು ಮೂರು ಕಾಗದ ಮೇಜಿನ ಮೇಲಿಟ್ಟಳು. ಅವಳು ಪಡೆಯದ ಎರಡು ಸಾಲ ಅವಳ ಕ್ರೆಡಿಟ್ ವರದಿಯಲ್ಲಿದ್ದವು. ತಕರಾರು ಹಾಕಿದರೆ ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂಬ ಉತ್ತರ. ಅವನ್ನು ಅಳಿಸದಿದ್ದರೆ ಅಂಗಡಿಗೆಂದು ಕೇಳಿದ ಸಾಲ ಶುಕ್ರವಾರಕ್ಕೆ ರದ್ದು.

“ಎರಡು ಸಲ ಬರೆದೆ ಮೇಡಂ. ನೀನೇ ತಗೊಂಡಿದ್ದೀಯ ಅಂತ ನನಗೇ ಪಾಠ ಹೇಳ್ತಾರೆ.”

“ಮನೇಲಿ ಯಾರ್‍ಯಾರಿದ್ದೀರಿ?” ಇನ್‌ಸ್ಪೆಕ್ಟರ್ ಕೇಳಿದರು.

“ನಾನು, ಅಕ್ಕ. ಅವಳು ಗಂಡನ್ನ ಬಿಟ್ಟು ಬಂದು ಎರಡು ವರ್ಷ ಆಯ್ತು. ನನ್ನ ಬೆನ್ನಿಗೆ ನಿಂತಿರೋಳು ಅವಳೊಬ್ಬಳೇ.”

ಹನ್ನೊಂದಕ್ಕೆ ಎಫ್‌ಐಆರ್ ಆಯಿತು. ಕಾನ್‌ಸ್ಟೇಬಲ್ ಮಂಗಳವಾರ ಮಧ್ಯಾಹ್ನ ಫೋಟೋ ಸಮೇತ ಸಾಲದ ಅರ್ಜಿಯ ಪ್ರತಿ ತಂದ. ಟೈಲರ್ ಹೆಂಗಸನ್ನೂ ಠಾಣೆಗೆ ಕರೆಸಿದ್ದರು.

“ಸಾಲ ಐದು ನಿಮಿಷಕ್ಕೆ ಕೊಡ್ತಾರಂತೆ ಮೇಡಂ. ಅರ್ಜಿ ತೋರಿಸೋಕೆ ನನ್ನ ಐದು ಗಂಟೆ ಕೂರಿಸಿದ್ರು!” ಆಮೇಲೆ ಟೈಲರ್ ಕಡೆ ತಿರುಗಿ, “ಫೋಟೋದಲ್ಲಿರೋದು ನೀವೇ ಅಲ್ವೇನಮ್ಮ?” ಎಂದ.

ಮುಖ ಅವಳದೇ ಎನ್ನುವ ಹಾಗಿತ್ತು. ಆದರೆ ಅವಳು ಮುಖ ನೋಡಲಿಲ್ಲ, ಅಂಗಿ ನೋಡಿದಳು. ಬೆರಳು ಬಲಹೆಗಲಿನ ಹತ್ತಿರ ನಿಂತಿತು. ಅಲ್ಲಿ ಬಟ್ಟೆಯ ಗೆರೆಗಳು ಒಂದಕ್ಕೊಂದು ಕೂಡಿರಲಿಲ್ಲ. ಬಿಸಿ ತಾಕಿದಂತೆ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಇನ್‌ಸ್ಪೆಕ್ಟರ್ ಅದನ್ನು ಕಂಡರು. “ಹೊಲಿದದ್ದು ಯಾರು?”

ಅವಳು ಅರ್ಜಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ಹೇಳದಿದ್ರೆ ಏನಾಗುತ್ತೆ ಮೇಡಂ?”

“ಸಾಲ ನಿಮ್ಮದಾಗೇ ಉಳಿಯುತ್ತೆ.”

ಅವಳು ಅರ್ಜಿಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. “ನಾನೇ ಹೊಲಿದದ್ದು. ಕತ್ತರಿಸುವಾಗ ತಪ್ಪಾಯ್ತು, ಗೆರೆ ಕೂಡಲಿಲ್ಲ. ಗಿರಾಕಿ ಬೇಡ ಅಂದ್ರು. ಅಕ್ಕಂಗೆ ಕೊಟ್ಟೆ.”

ಇನ್‌ಸ್ಪೆಕ್ಟರ್‌ಗೂ ಒಬ್ಬಳು ಅಕ್ಕ ಇದ್ದಳು. ಹೇಳಿಕೆ ಬರೆದುಕೊಳ್ಳಲು ಕೈ ಏಳಲಿಲ್ಲ, ಆದರೂ ಬರೆದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಅಕ್ಕತಂಗಿಯರ ಮನೆಗೆ ಹೋದಾಗ ಅಕ್ಕ ಗಿರಾಕಿಗಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಫೋಟೋದಲ್ಲಿದ್ದ ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಇಬ್ಬರು ಸಾಕ್ಷಿಗಳ ಎದುರು ಅದನ್ನು ವಶಕ್ಕೆ ಪಡೆದು ಪಂಚನಾಮೆ ಮಾಡಿದರು.

“ಯಾಕಮ್ಮಾ ಹೀಗೆ ಮಾಡಿದ್ರಿ?”

“ನನ್ನ ಹೆಸರಲ್ಲಿ ನಮ್ಮೆಜಮಾನ್ರು ನಾಲ್ಕು ಸಾಲ ಎತ್ತಿದ್ರು. ವಸೂಲಿಯೋರು ಇಲ್ಲಿಗೂ ಬರೋಕೆ ಶುರು ಮಾಡಿದ್ರು. ಇವಳ ಹೆಸರಲ್ಲಿ ತಗೊಂಡು ಅವನ್ನ ತೀರಿಸಿ, ಇದನ್ನ ಇವಳಿಗೆ ಗೊತ್ತಾಗೋ ಮೊದಲೇ ಕಟ್ಟಿಬಿಡೋಣ ಅಂದ್ಕೊಂಡೆ.”

“ಗಂಡ ಸಾಲ ಎತ್ತಿದಾಗ ನೀವು ತಕರಾರು ಹಾಕಲಿಲ್ವಾ?”

“ಹಾಕಿದ್ರೆ ಅವರ ಹೆಸರು ಹೇಳಬೇಕಾಗ್ತಿತ್ತು.”

ಜೀಪು ಹತ್ತುವ ಮುನ್ನ ಅಕ್ಕ ತಿರುಗಿ ನೋಡಿದಳು. ಒಳಗೆ ತಂಗಿಯ ಹೊಲಿಗೆ ಯಂತ್ರ ಸದ್ದು ಮಾಡುತ್ತಿರಲಿಲ್ಲ.

“ನನ್ನ ಹೆಸರು ಅವಳೇ ಹೇಳಿದ್ಲಾ?”

ಇನ್‌ಸ್ಪೆಕ್ಟರ್ ಹೌದೆಂದು ತಲೆಯಾಡಿಸಿದರು.

“ಹೋಗ್ಲಿ ಬಿಡಿ,” ಎಂದಳು ಅಕ್ಕ, “ನಮ್ಮಿಬ್ಬರಲ್ಲಿ ಒಬ್ಬಳಿಗಾದ್ರೂ ಬಾಯಿ ಬಂತು.”