ಸ್ವರ ಅಡಗುವ ತನಕ

ಮುದಿ ಪಿಯಾನೊ ನಿಂತಿದ್ದ ಜಾಗದಲ್ಲಿ ಈಗ ಮರದ ನೆಲದ ಮೇಲೆ ಮೂರು ಗುಳಿಗಳಷ್ಟೇ ಉಳಿದಿದ್ದವು. ಎತ್ತು ಹೋದ ಮೇಲೂ ಕೊಟ್ಟಿಗೆಯಲ್ಲಿ ಗೊರಸಿನ ಗುರುತು ಉಳಿದಿರುತ್ತದಲ್ಲ, ಹಾಗೆ. ಅವಳು ಬಾಗಿಲಲ್ಲೇ ನಿಂತು ಮೊದಲು ಆ ಗುಳಿಗಳನ್ನು ನೋಡಿದಳು. ಆಮೇಲೆ ಅವುಗಳ ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿದ್ದ ಉದ್ದನೆಯ ಕಪ್ಪು ಕೀಬೋರ್ಡನ್ನು. ಅದರ ಹಿಂದಿದ್ದವನನ್ನು ನೋಡಬಾರದೆಂದು ನಿರ್ಧರಿಸಿಯೇ ಬಂದಿದ್ದಳು. ಆದರೂ ಅವನ ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿದ್ದು ಹೇಗೋ ಕಣ್ಣಿಗೆ ಬಿತ್ತು.

"ಬಂದ್ಯಾ, ಬಾ," ಎಂದಳು ಸೋದರತ್ತೆ. ಈ ನೃತ್ಯಶಾಲೆ ಅವಳದು. ಕಿಟಕಿಯ ಬೆಳಕಿಗೆ ಕೂತು ಮಕ್ಕಳ ಡ್ಯಾನ್ಸ್ ಶೂಗಳಿಗೆ ಪಟ್ಟಿ ಹೊಲಿಯುತ್ತಿದ್ದಳು. "ನಿನ್ನ ಡಬ್ಬಿ ಮೇಷ್ಟ್ರು ಬೆಳಿಗ್ಗೆಯಿಂದ ವೈರು ಚುಚ್ಚೋದು ಕೀಳೋದು ಮಾಡ್ತಾ ಇದಾರೆ. ಆ ಡಬ್ಬಿಯೊಳಗೆ ಐದು ಪಿಯಾನೊಗಳ ದನಿ ಇದೆಯಂತೆ. ನೀನು ಯಾವುದು ಅಂತೀಯೋ ಅದಕ್ಕೇ ನಾಳೆಯಿಂದ ಮಕ್ಕಳು ಕುಣೀತಾರೆ."

"ನನ್ನ ಡಬ್ಬಿ ಮೇಷ್ಟ್ರು ಏನಲ್ಲ, ಅತ್ತೆ."

"ಹೆಸರಿಟ್ಟವಳು ನೀನೇ ತಾನೆ?"

ಹೌದು, ಇಟ್ಟವಳು ಅವಳೇ. ಹಿಂದಿನ ಬೀದಿಯಲ್ಲಿ ಕೀಬೋರ್ಡ್ ಕಲಿಸುತ್ತ, ಕೆಟ್ಟ ಕೀಬೋರ್ಡುಗಳನ್ನು ಬಿಚ್ಚಿ ಸರಿಮಾಡುತ್ತ ಇದ್ದವನನ್ನು ಹಾಗೆ ಕರೆದದ್ದು ಊರಿಗೆಲ್ಲ ಹಬ್ಬಿತ್ತು. ಊರು ಅವಳನ್ನು ಕಿವಿಯಮ್ಮ ಎನ್ನುತ್ತಿತ್ತು. ಪಿಯಾನೊ ಶ್ರುತಿ ಮಾಡುವುದು ಅವಳ ಅಪ್ಪನ ಕಸುಬು. ಅಪ್ಪ ಹೋದ ಮೇಲೆ ಅವಳದಾಯಿತು. "ತಂತಿಗೆ ಪೆಟ್ಟು ಬಿದ್ದಾಗ ಎಲ್ಲರೂ ಕೇಳ್ತಾರೆ ಮಗಳೇ. ನೀನು ಅದು ಹೊರಟು ಹೋಗೋದನ್ನ ಕೇಳು," ಎಂದು ಅಪ್ಪ ಹೇಳಿಕೊಟ್ಟಿದ್ದ. ಸ್ವರ ಪೂರ್ತಿ ಅಡಗುವ ತನಕ ಅವಳು ಕೈ ಎತ್ತುತ್ತಿರಲಿಲ್ಲ.

ಊರಿನ ಪಿಯಾನೊಗಳು ಒಂದೊಂದಾಗಿ ಮುಗಿದವು. ಕೊನೆಗೆ ಉಳಿದದ್ದು ಇಲ್ಲಿಯದು. ಅದರ ಹೊಟ್ಟೆಯೊಳಗಿನ ನಾದದ ಹಲಗೆಯೂ ಸೀಳಿತು. ಶ್ರುತಿ ಮಾಡಿದರೆ ಸಂಜೆಗೆ ಇಳಿಯುತ್ತಿತ್ತು. ಹದಿನೈದು ದಿನದ ಹಿಂದೆ ಆರು ಜನ ಬಂದು ಹೊತ್ತುಕೊಂಡು ಹೋದರು. ಇನ್ನು ಇಲ್ಲಿ ಅವಳಿಗೆ ಕೆಲಸವಿಲ್ಲ. ಬರುವ ಸೋಮವಾರ ರೈಲು ಹತ್ತಿ ದೂರದ ಪಟ್ಟಣದ ಪಿಯಾನೊ ಕಾರ್ಖಾನೆ ಸೇರುವವಳಿದ್ದಳು.

ಆ ಪಿಯಾನೊ ಹೋಗುವ ಮುಂಚೆ ಒಂದು ಸಂಗತಿ ನಡೆದಿತ್ತು. ಡಬ್ಬಿ ಮೇಷ್ಟ್ರು ಮೈಕು ಹೊತ್ತು ಬಂದು, "ಒಂದೊಂದು ಕೀಯನ್ನೂ ರೆಕಾರ್ಡ್ ಮಾಡಿಟ್ಕೋತೀನಿ. ನೀವು ಪಕ್ಕದಲ್ಲಿದ್ದು ಶ್ರುತಿ ಹಿಡಿದಿಡಬೇಕು," ಎಂದಿದ್ದ.

"ಎಮ್ಮೆ ಫೋಟೊ ತೆಗೆದು ಹಾಲು ಕರೀತೀರಾ?" ಎಂದು ಅವಳು ನಕ್ಕಿದ್ದಳು.

ಆದರೂ ಕೂತಳು. ಮೂರು ದಿನ. ಎಂಬತ್ತೆಂಟು ಕೀ; ಒಂದೊಂದನ್ನೂ ಮೆಲ್ಲಗೆ, ಇನ್ನಷ್ಟು ಜೋರಾಗಿ, ಹೀಗೆ ಆರಾರು ಸಲ. ಅವನು ಒತ್ತುವುದು, ಸ್ವರ ಅಡಗುವ ತನಕ ಇಬ್ಬರೂ ಉಸಿರು ಬಿಗಿಹಿಡಿಯುವುದು, ಆಮೇಲೆ ಒಟ್ಟಿಗೇ ಉಸಿರು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿ ನಗುವುದು. ಅಷ್ಟು ಹೊತ್ತು ಮಾತಿಲ್ಲದೆ ಯಾರ ಜೊತೆಗೂ ಅವಳು ಕೂತಿರಲಿಲ್ಲ. ನಾಲ್ಕನೆಯ ದಿನ ರೆಕಾರ್ಡಿಂಗ್ ಏನಾಯಿತೆಂದು ಕೇಳಿದರೆ ಅವನು ನೆಲ ನೋಡುತ್ತ, "ಅದು ಕೆಟ್ಟುಹೋಯ್ತು," ಎಂದುಬಿಟ್ಟ. ಅಷ್ಟೇ. ಅವಳು ಆ ಸಂಜೆಯೇ ಕಾರ್ಖಾನೆಗೆ ಬರುತ್ತೇನೆಂದು ಬರೆದಳು.

"ಶುರು ಮಾಡಿ," ಎಂದು ಈಗ ಕಿಟಕಿಯ ಬಳಿ ಅವನಿಗೆ ಬೆನ್ನು ಹಾಕಿ ನಿಂತಳು. "ಯಾವುದು ಯಾವುದು ಅಂತ ಹೇಳಬೇಡಿ."

ಮೊದಲನೆಯದು ಬಂತು. ದೊಡ್ಡ ಸಭಾಂಗಣದ ಗಾಂಭೀರ್ಯ. ಅತ್ತೆ ಸೂಜಿ ನಿಲ್ಲಿಸಿ, "ಆಹಾ," ಎಂದಳು.

"ಪಕ್ಕಪಕ್ಕದ ಮೂರು ಕೀ ಒತ್ತಿ," ಎಂದಳು ಅವಳು. ಅವನು ಒತ್ತಿದ. "ಒಂದೇ ಕೀ ರೆಕಾರ್ಡ್ ಮಾಡಿ ಅದಕ್ಕೇ ಮೂರು ಅಂಗಿ ತೊಡಿಸಿದಾರೆ. ಮುಂದಿನದು."

ಎರಡನೆಯದನ್ನು ಮೆಲ್ಲಗೆ ನುಡಿಸಲು ಹೇಳಿದಳು. "ಇದು ಪಿಸುಮಾತಲ್ಲ. ದೂರದಲ್ಲಿ ನಿಂತು ಕೂಗ್ತಿದೆ, ಅಷ್ಟೇ."

ಮೂರನೆಯದನ್ನು ಬಹಳ ಹೊತ್ತು ಕೇಳಿದಳು. "ಚೆನ್ನಾಗಿದೆ. ಆದರೆ ಐದು ಎಣಿಸೋದರೊಳಗೆ ಹೇಳಿದ್ದನ್ನೇ ಹೇಳೋಕೆ ಶುರು ಮಾಡ್ತು. ಮುದುಕರ ಹಾಗೆ."

"ನನ್ನ ಕಡೆ ಯಾಕೆ ನೋಡ್ತೀಯಾ?" ಎಂದಳು ಅತ್ತೆ.

ಬೆನ್ನ ಹಿಂದೆ ಅವನು ನಕ್ಕದ್ದು ಕೇಳಿಸಿತು. ಆ ನಗು ಮೂಗಿನಲ್ಲಿ ಹುಟ್ಟಿ ಗಂಟಲಿಗೆ ಇಳಿಯುವುದು ಅವಳಿಗೆ ಗೊತ್ತಿತ್ತು. ತನಗೂ ನಗು ಬಂದದ್ದಕ್ಕೆ ಸಿಟ್ಟಾಯಿತು. ನಾಲ್ಕನೆಯದಕ್ಕೆ, "ಗಾಜು," ಎಂದಷ್ಟೇ ಹೇಳಿದಳು.

ಐದನೆಯದನ್ನು ಅವನು ತಕ್ಷಣ ನುಡಿಸಲಿಲ್ಲ. ಸ್ಟೂಲು ಕಿರುಗುಟ್ಟಿತು. ಆಮೇಲೆ ನಡುವಿನ ಒಂದು ಕೀ, ಮೆಲ್ಲಗೆ.

ಅವಳ ಕೈ ತಾನಾಗಿ ಕಿಟಕಿಯ ಸರಳನ್ನು ಹಿಡಿಯಿತು.

ಸ್ವರಕ್ಕೂ ಮೊದಲು ತಂತಿ ಬಡಿಯುವ ತುಪ್ಪಟದ ಸುತ್ತಿಗೆ ಎದ್ದ ಸದ್ದು ಬಂತು, ನಿದ್ದೆಯಿಂದೆದ್ದವರು ಹೊದಿಕೆ ಸರಿಸಿದ ಹಾಗೆ. ಆಮೇಲೆ ತಂತಿ. ಅದರ ಕೆಳಗೆ, ಬಹಳ ಕೆಳಗೆ, ಸೀಳಿದ ಹಲಗೆಯ ಸಣ್ಣ ನರಳಿಕೆ. ಹದಿನಾಲ್ಕು ವರ್ಷ ಆ ಹಲಗೆಗೆ ಕಿವಿಯಾನಿಸಿದ್ದಳು. ಅದಕ್ಕೂ ಮುಂಚೆ ಅಪ್ಪನ ತೊಡೆಯ ಮೇಲೆ ಕೂತು ಕೇಳಿದ್ದಳು. ಆರು ಜನ ಹೊತ್ತುಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದಳು. ಅದೀಗ ಬೆನ್ನ ಹಿಂದೆ, ತನ್ನ ಮೂರು ಗುಳಿಗಳ ನಡುವೆಯೇ ನಿಂತು ಉಸಿರಾಡುತ್ತಿತ್ತು. ತಿರುಗಿ ನೋಡಿದರೆ ಕಾಣಿಸೀತು ಅನ್ನಿಸಿತು. ನೋಡಿದರೆ ಹೋದೀತು ಅಂತಲೂ ಅನ್ನಿಸಿತು. ಅವಳು ನಿಂತಲ್ಲೇ ನಿಂತಳು.

"ಕೆಟ್ಟುಹೋಯ್ತು ಅಂದಿರಲ್ಲ," ಎಂದಳು ಕೊನೆಗೆ.

"ಒಂದು ಕೀ ಕೆಟ್ಟಿತ್ತು. ತಪ್ಪು ನನ್ನದೇ. ಸರಿ ಮಾಡೋಕೆ ಕೈ ಬರಲಿಲ್ಲ."

"ಯಾವ ಕೀ?"

ಅವಳು ತಿರುಗಿ ಬಂದಳು. ಅವನು ಎದ್ದು ಸ್ಟೂಲು ಬಿಟ್ಟುಕೊಟ್ಟ. ಅವಳು ಎಡತುದಿಯಿಂದ ಶುರುಮಾಡಿದಳು. ಒಂದೊಂದೇ ಕೀ, ಅಡಗುವ ತನಕ. ಅವಸರ ಅವಳ ಕಸುಬಿನಲ್ಲಿರಲಿಲ್ಲ. ಕಿಟಕಿಯ ಬಿಸಿಲು ಅತ್ತೆಯ ಮಡಿಲಿನಿಂದ ನೆಲಕ್ಕಿಳಿಯಿತು. ಹನ್ನೊಂದು, ಹನ್ನೆರಡು, ಹದಿಮೂರು. ಎಲ್ಲವೂ ಸರಿಯಾಗಿದ್ದವು. ಅವನು ಪಕ್ಕದಲ್ಲಿ ನಿಂತು ಗುಂಡಿಯಿಲ್ಲದ ತೋಳನ್ನು ತಿರುಚುತ್ತಿದ್ದ.

ಹದಿನಾಲ್ಕನೆಯ ಕೀ ಗುಡುಗಿನಂತೆ ಎದ್ದು, ಇಳಿದು, ತೆಳುವಾಗುತ್ತ ಹೋಯಿತು. ಅತ್ತೆ ಯಾವಾಗಲೋ ಅದನ್ನು ಕೇಳುವುದು ಬಿಟ್ಟು ಹೊಲಿಗೆಗೆ ಮರಳಿದ್ದಳು. ಕಿವಿಯಮ್ಮ ಮಾತ್ರ ಕಣ್ಣು ಮುಚ್ಚಿ ಸ್ವರದ ಹಿಂದೆಯೇ ಹೋದಳು. ಇಪ್ಪತ್ತು ಸೆಕೆಂಡು. ಇಪ್ಪತ್ತೈದು. ಸ್ವರ ಇನ್ನೇನು ಇಲ್ಲವಾಗುವ ಅಂಚಿನಲ್ಲಿ ಒಂದು ಹೆಣ್ಣುದನಿ ಅದನ್ನು ಎತ್ತಿಕೊಂಡಿತು. ಬಾಯಿ ಮುಚ್ಚಿ ಗುನುಗುವ ದನಿ. ಕೂಸನ್ನು ಕೈಯಿಂದ ಕೈಗೆ ದಾಟಿಸಿಕೊಂಡ ಹಾಗೆ, ಅಷ್ಟು ಹಗುರ. ಆಮೇಲೆ ಎರಡೂ ಒಟ್ಟಿಗೇ ಅಡಗಿದವು.

ಅವಳು ಕಣ್ಣು ತೆರೆದಳು. ಆ ದನಿ ಅವಳದೇ. ಅದು ಅಪ್ಪನ ರೂಢಿ, ಅವಳಿಗೂ ಅಂಟಿಕೊಂಡಿತ್ತು: ಶ್ರುತಿ ಸರಿಹೋಯಿತು ಅನ್ನಿಸಿದರೆ ತಾನೇ ಅರಿಯದೆ ಗುನುಗುವುದು. ರೆಕಾರ್ಡ್ ಮಾಡುವಾಗ, ಉಸಿರು ಬಿಡಬಾರದ ಹೊತ್ತಿನಲ್ಲಿ ಗುನುಗಿಬಿಟ್ಟಿದ್ದಳು.

"ಇಂಥದನ್ನ ಕತ್ತರಿಸಿ ತೆಗೀತಾರಲ್ಲ?"

"ತೆಗೀತಾರೆ. ನಾನು ಕೆಮ್ಮಿದ್ದು, ಹೊರಗೆ ಸೈಕಲ್ ಬೆಲ್ ಆಗಿದ್ದು, ಎಲ್ಲಾ ತೆಗೆದೆ." ಅವನು ಕೀಬೋರ್ಡಿನ ಮೇಲಿಲ್ಲದ ಧೂಳನ್ನು ಒರೆಸಿದ. "ಇದನ್ನ ತೆಗೆಯೋಕೆ ಆಗಲಿಲ್ಲ. ಬೇರೆಯವರಿಗೆ ಕೇಳಿಸೋಕೂ ಮನಸ್ಸು ಬರಲಿಲ್ಲ. ಅದಕ್ಕೇ ಕೆಟ್ಟುಹೋಯ್ತು ಅಂದೆ. ಆಮೇಲೆ ನೀವು ಸೋಮವಾರ ಹೋಗ್ತೀರಿ ಅಂತ ಗೊತ್ತಾಯ್ತು. ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ. ಇದನ್ನ ಐದನೇದಾಗಿ ಇಟ್ಟೆ. ಸ್ವರ ಅಡಗೋ ತನಕ ಕೇಳೋರು ಈ ಊರಲ್ಲಿ ಒಬ್ಬರೇ."

ಅವಳು ಆ ಕೀಯ ಮೇಲೇ ಬೆರಳಿಟ್ಟು ಕೂತಿದ್ದಳು. ಎಷ್ಟೋ ವರ್ಷ ಎಷ್ಟೋ ಸ್ವರಗಳನ್ನು ಕೊನೆಯವರೆಗೆ ಕಳಿಸಿಕೊಟ್ಟು ಬಂದಿದ್ದಳು. ಕೊನೆಯಲ್ಲಿ ಯಾರೋ ತನಗಾಗಿ ಕಾದಿರಬಹುದೆಂದು ತಿಳಿದಿರಲಿಲ್ಲ.

"ಸುತ್ತಲಿನ ಊರುಗಳಲ್ಲಿ ಇಂಥ ಮುದಿ ಪಿಯಾನೊಗಳು ಇನ್ನೂ ಇದಾವೆ," ಎಂದ ಅವನು. "ಹೊತ್ತುಕೊಂಡು ಹೋಗೋರು ಬರೋ ಮೊದಲು ನಾವು ಹೋಗಬೇಕು. ನಾನೊಬ್ಬನೇ ಹೋದರೆ ಏನೂ ಆಗಲ್ಲ."

"ಮತ್ತೆ ಉಸಿರು ಬಿಡದೆ ಕೂರಬೇಕಾ?"

"ಬೇಡ. ಉಸಿರು ಬಿಡಿ."

ಅವಳು ಅವನ ತೋಳು ಹಿಡಿದು ಗುಂಡಿ ಹೋದ ಜಾಗ ನೋಡಿದಳು. "ಅತ್ತೆ, ಆ ಸೂಜಿ ದಾರ ಇತ್ತ ಕೊಡಿ. ಕಾರ್ಖಾನೆಗೆ ಬರೋದಿಲ್ಲ ಅಂತ ಒಂದು ಕಾಗದಾನೂ ಬರೀಬೇಕು."

ಅತ್ತೆ ಇಬ್ಬರನ್ನೂ ನೋಡಿ, ಸೂಜಿ ಚುಚ್ಚಿದ್ದ ದಾರದ ಉಂಡೆಯನ್ನು ತಂದಿಟ್ಟಳು. "ಗುಂಡಿ ಇರಲಿ, ಪಿಯಾನೊ ಯಾವುದು ಅಂತ ಹೇಳು."

"ಐದನೇದು. ಒಂದು ಕೀಯಲ್ಲಿ ಐಬಿದೆ. ಇರಲಿ."

ಅವಳು ಹದಿನಾಲ್ಕನೆಯ ಕೀಯನ್ನು ಮತ್ತೊಮ್ಮೆ ಒತ್ತಿದಳು. ಗುಡುಗು ಎದ್ದಿತು, ಇಳಿಯಿತು. ಇಬ್ಬರೂ ಅಲುಗದೆ ಕೇಳುತ್ತಲೇ ಇದ್ದರು.

ಅತ್ತೆ ಸ್ವಲ್ಪ ಹೊತ್ತು ಕಾದು ನೋಡಿದಳು. "ನಿಂತುಹೋಯ್ತಲ್ಲ, ಇನ್ನೇನು ಕೇಳ್ತಿದ್ದೀರಿ?"

"ಇನ್ನೂ ಇದೆ, ಅತ್ತೆ."