ಮೂಲೆಯಾಚೆ ಓಗೊಟ್ಟ ದನಿ

“ಈ ಮಂಜಿನಲ್ಲಿ ಎಲ್ಲಿಗೆ ಹೋದೆಯಮ್ಮಾ?” ಎಂದು ಖಾಲಿ ಓಣಿಯನ್ನು ಕೇಳಿದೆ. ಮರೆವು ಹತ್ತಿದ್ದ ನನ್ನ ಚಿಕ್ಕಮ್ಮ ಓರ್ಸೋಲಾ, ಬೆಳಗಿನ ಜಪದ ನಡುವೆಯೇ ಎದ್ದು, ಮನೆಯೊಳಗಿನ ಚಪ್ಪಲಿಯಲ್ಲೇ ವೆನಿಸ್‌ನ ಓಣಿಗಳಿಗೆ ಇಳಿದುಬಿಟ್ಟಿದ್ದಳು.

ನಮ್ಮದು ದೋಣಿಯವರ ಮನೆತನ. ಮಂಜು ಕವಿದರೆ ನಡೆಯುವಾಗಲೂ ಮೂಲೆಗೆ ಮುಂಚೆ ‘ಓಯ್’ ಎಂದು ಕೂಗುತ್ತೇವೆ. ಎದುರು ಬರುವವರು ಓಗೊಡಬೇಕು. ಕೂಗಿದೆ. ಮೂಲೆಯಾಚೆಯಿಂದ ಚಿಕ್ಕಮ್ಮನೇ ಓಗೊಟ್ಟಳು. ಮೂಲೆ ತಿರುಗಿ ನೋಡಿದರೆ ಯಾರೂ ಇಲ್ಲ. ಜನವರಿಯ ಆ ಚಳಿಯಲ್ಲೂ ಗೋಡೆಯ ಇಟ್ಟಿಗೆ, ಅವಳ ಹೆಗಲೆತ್ತರದಲ್ಲಿ ಮಾತ್ರ, ಬೆಚ್ಚಗಿತ್ತು. ಮುಂದಿನ ಮೂಲೆಯಲ್ಲೂ ಹಾಗೆಯೇ. ಸೇತುವೆ ಹತ್ತಿದೆ, ಇಳಿದೆ, ಓಡಿದೆ. ಮೂಲೆಯಿಂದ ಮೂಲೆಗೆ ಅವಳ ದನಿ ಎಳೆಯದಾಗುತ್ತ ಹೋಯಿತು.

ದಾರಿ ದೊಡ್ಡ ಕಾಲುವೆಯ ದಡದಲ್ಲಿ ಮುಗಿಯಿತು. ಜನರನ್ನು ದೋಣಿಯಲ್ಲಿ ದಾಟಿಸುವ ಅಲ್ವಿಸೆ ಹುಟ್ಟು ಹಿಡಿದು ನಿಂತಿದ್ದ.

“ಅಣ್ಣಾ, ಚಿಕ್ಕಮ್ಮನ್ನ ನೋಡಿದ್ಯಾ?”

“ಈಗಷ್ಟೇ ಆಚೆ ಇಳಿಸಿ ಬಂದೆ. ನಿನ್ನಂಥ ಪುಕ್ಕಲಿ ಅಲ್ಲ ಕಣೇ ಅವಳು, ಕೊನೇವರೆಗೂ ನಿಂತೇ ಬಂದ್ಲು.” ಆಮೇಲೆ ದನಿ ತಗ್ಗಿಸಿದ. “ಆದ್ರೆ ಅವಳು ಕಾಲಿಟ್ಟಾಗ ದೋಣಿ ಒಂಚೂರೂ ಅಲುಗಲಿಲ್ಲ.”

“ನನ್ನನ್ನೂ ಬೇಗ ದಾಟಿಸಣ್ಣಾ, ಇನ್ನೂ ಸಿಗ್ತಾಳೆ!” ಎಂದು ಕಾಲು ಮುಂದಿಟ್ಟೆ.

ಅಲ್ವಿಸೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಹುಟ್ಟನ್ನು ನನಗೆ ಅಡ್ಡ ಹಿಡಿದ.

“ಇಲ್ಲ ಕಣವ್ವಾ. ನಿನ್ನನ್ನ ದಾಟಿಸಲ್ಲ.”